ತೋರಿಕೆಯ ಆರು ಗುಂಡಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಅಳತೆಯಮ್ಮ’ ಎಂದೇ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಯಾವ ಹೆಗಲು ಇಳಿದಿದೆ, ಯಾವ ತೋಳು ಗಿಡ್ಡ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಇವಳ ಕಣ್ಣೇ ಟೇಪು, ಟೇಪೇನಿದ್ದರೂ ಕೊರಳಿಗೆ ಹಾರ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಅಕ್ಕತಂಗಿಯರಿಬ್ಬರೂ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದರು. ಅಪ್ಪ ಅಮ್ಮ ಹೋದಮೇಲೆ ತಂಗಿಗೆ ಕತ್ತರಿ ಹಿಡಿಯಲು ಕಲಿಸಿದವಳು ಅಕ್ಕನೇ.

ಐವತ್ತೆರಡನೆಯ ವಯಸ್ಸಿನಲ್ಲಿ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾಲಿಗೆ ಮಾತ್ರ ಮೊದಲಿನಷ್ಟೇ ಹರಿತ. ಆದರೂ ಕಾಲು ಸೋತಿದೆ ಎಂದು ನೆಪ ಹೇಳಿ ಹೊರಗೆ ಹೋಗುವುದನ್ನೇ ಬಿಟ್ಟಳು. ಒಂದು ಬೆಳಿಗ್ಗೆ ಟೀ ಲೋಟ ಹಿಡಿದು ಒಳಗೆ ಹೋದ ತಂಗಿ ಬಾಗಿಲಲ್ಲೇ ನಿಂತಳು. ಅಕ್ಕ ಗೋಡೆಗೆ ಮುಖ ಮಾಡಿ ಕೂತು, ಅಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಗುಂಡಿ ಹಾಕಲು ಹೆಣಗುತ್ತಿದ್ದಳು. ಅಂಚೆಲ್ಲ ಒದ್ದೆಯಾಗಿತ್ತು. ಅಕ್ಕನನ್ನು ಮನೆಯೊಳಗೆ ಕಟ್ಟಿಹಾಕಿದ್ದು ಕಾಲಲ್ಲ, ಗುಂಡಿ ಎಂದು ಅವಳಿಗೆ ಆಗ ಹೊಳೆಯಿತು.

ಎರಡೇ ದಿನದಲ್ಲಿ ಗುಂಡಿಯ ಬದಲು, ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಹಚ್ಚಿದ ಅಂಗಿ ಹೊಲಿದು ಕೊಟ್ಟಳು. ಅಕ್ಕ ಅದನ್ನು ಮೂಲೆಗೆ ಎಸೆದಳು.

“ಇದು ರೋಗಿ ಅಂಗಿ ಕಣೇ. ನಾನಿನ್ನೂ ಸತ್ತಿಲ್ಲ.”

ತಂಗಿ ಅಂಗಿಯನ್ನು ಎತ್ತಿಕೊಂಡು ಹೋಗಿ ಪಟ್ಟಿಯ ಹೊರಬದಿಗೆ ಆರು ಗುಂಡಿ ಹೊಲಿದಳು. ಹಾಕಲೂ ಬಾರದ, ಬಿಚ್ಚಲೂ ಬಾರದ, ಬರೀ ತೋರಿಕೆಯ ಗುಂಡಿಗಳು. ಮಾರನೆಯ ದಿನ ಅಕ್ಕ ತಾನೇ ಅದನ್ನು ತೊಟ್ಟು ಬೀದಿಯ ಕೊನೆಯವರೆಗೆ ನಡೆದು ಬಂದಳು.

ಕೈ ಸೋತವಳು ಅಕ್ಕನೊಬ್ಬಳೇ ಅಲ್ಲ ಎಂದು ಅಳತೆಯಮ್ಮನ ಒಳಮನಸ್ಸು ಹೇಳಿತು. ಅಂಥದೇ ಇನ್ನೊಂದು ಅಂಗಿ ಹೊಲಿದು ಮಾರಲು ಒಯ್ದಾಗ ಬಟ್ಟೆ ವ್ಯಾಪಾರಿ ನಕ್ಕ. ಕೆಲಸಕ್ಕೆ ಬಾರದ ಗುಂಡಿಗೆ ದಾರ ಯಾಕೆ ದಂಡ, ಅವನ್ನು ಕಿತ್ತರೆ ಮಾರಿಕೊಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. ಯಾಕೆಂದು ಬಿಡಿಸಿ ಹೇಳಲೂ ಅವಳಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಲಕ್ವ ಹೊಡೆದವರಿಗೆ ಕೈಕಾಲು ಆಡಿಸಲು ಕಲಿಸುವ ನರ್ಸ್ ಮಾತ್ರ ಅಂಗಿ ನೋಡಿದ್ದೇ ತಡ, ಇಪ್ಪತ್ತು ಬೇಕು ಎಂದಳು.

ಅವನ್ನು ಒಯ್ಯಬೇಕಾದ ದಿನ ಅಕ್ಕ ಅಂಗಿ ತೊಡುವಾಗ ಎಡಗೈ ಎರಡು ಸಲ ಪಟ್ಟಿ ತಪ್ಪಿತು. ತಂಗಿ ನೋಡಿದಳು. ಏನೋ ಸರಿಯಿಲ್ಲ ಎಂದು ಒಳಮನಸ್ಸು ಹೇಳಿತು. ಇವತ್ತು ಹೋಗುವುದಿಲ್ಲ ಎಂದಳು.

“ಹುಚ್ಚಿ, ಬಂದ ಗಿರಾಕೀನ ಯಾರಾದ್ರೂ ಬಿಡ್ತಾರಾ? ಹೋಗಿ ಬಾ,” ಎಂದಳು ಅಕ್ಕ.

ಹೋದಳು. ಬಸ್ಸಿನಲ್ಲಿ ಕೂತರೂ ಜೀವ ನಿಲ್ಲಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಲೇ, ಇಳಿದುಬಿಡಲೇ ಎನ್ನುತ್ತಿರುವಾಗಲೇ ಆಸ್ಪತ್ರೆ ಬಂದಿತ್ತು. ಮಧ್ಯಾಹ್ನ ಮರಳಿದಾಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ಕಾಯುತ್ತಿದ್ದಳು. ಲಕ್ವ ಎರಡನೆಯ ಸಲ ಹೊಡೆದಿತ್ತು. ಅಕ್ಕ ಕೂತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದಳು.

ಆ ಅಂಗಿಗಳು ಈಗ ದೂರದ ಊರುಗಳಿಗೂ ಹೋಗುತ್ತವೆ. ನಕ್ಕಿದ್ದ ವ್ಯಾಪಾರಿಯೇ ಬಂದು ಒಯ್ಯುತ್ತಾನೆ. ನಾಲ್ವರು ಹೆಂಗಸರು ಅವಳ ಕೈಕೆಳಗೆ ಹೊಲಿಯುತ್ತಾರೆ. ನಿಮ್ಮ ಒಳಗಣ್ಣು ದೊಡ್ಡದು ಎಂದು ಯಾರಾದರೂ ಹೊಗಳಿದರೆ ಮಾತ್ರ ಅವಳು ಎದ್ದು ಒಳಗೆ ಹೋಗಿಬಿಡುತ್ತಾಳೆ. ವ್ಯಾಪಾರಿಯ ಮಾತನ್ನು ಮೀರಿ ನಂಬಿದ್ದ ಮನಸ್ಸನ್ನು, ಆಸ್ಪತ್ರೆಗೆ ಹೊರಟ ದಿನ ಅಕ್ಕನ ಮಾತು ಮೀರಲಾರದೆ ನಂಬಲಿಲ್ಲವಲ್ಲ ಎಂಬ ಕೊರಗು.

ಕಳೆದ ವಾರ ಬಲಗೈ ಸೋತ ಒಬ್ಬ ಮೇಷ್ಟ್ರು ಬಂದಿದ್ದರು. ಅಂಗಿಯನ್ನು ತಾವೇ ತೊಟ್ಟು, ಕನ್ನಡಿಯ ಮುಂದೆ ತುಂಬ ಹೊತ್ತು ನಿಂತು, ಇದೆಲ್ಲ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು.

“ನಂಗೊಬ್ಳು ಅಕ್ಕ ಇದ್ಲು, ಮೇಷ್ಟ್ರೇ,” ಎಂದಳು ಅವಳು.

ಈ ಸಲ ಎದ್ದು ಒಳಗೆ ಹೋಗಲಿಲ್ಲ. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು.