ಬೋರೆ ಮೇಲಿನ ಬ್ಯಾಟರಿಗೆ ಸೇವಂತಿಗೆ ಹಾರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹಾರ ಹಳದಿ ಸೇವಂತಿಗೆಯದು ಎಂದು ನನ್ನ ನೆನಪು. ಚಿಕ್ಕಮ್ಮ ಬಿಳಿಯದು ಎನ್ನುತ್ತಾಳೆ. ಹಾರ ಕಟ್ಟಿದವಳು ಅವಳೇ ಆದ್ದರಿಂದ ಅವಳ ಮಾತನ್ನೇ ನಂಬಬೇಕು, ಆದರೂ ಕಣ್ಣು ಮುಚ್ಚಿದರೆ ನನಗೆ ಹಳದಿಯೇ ಕಾಣುತ್ತದೆ. ದಿನಚರಿ ಬರೆದರೆ ನೆನಪು ಗಟ್ಟಿಯಾಗುತ್ತದೆಂದು ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಆಯುಧಪೂಜೆಯ ದಿನ ನಾನು ಅರ್ಧ ಪುಟ ಬರೆದಿರುವುದು ಕಡಲೆ ಉಸಲಿಗೆ ಉಪ್ಪು ಹೆಚ್ಚಾದದ್ದರ ಬಗ್ಗೆ.

ಹಾಸನದಿಂದ ಹೊಳೆನರಸೀಪುರದ ಕಡೆ ಹೋಗುವಾಗ ರಸ್ತೆಯಿಂದ ತುಸು ಒಳಗೆ ಒಂದು ಕಲ್ಲುಬೋರೆ, ಅಂದರೆ ಸಣ್ಣ ಬಂಡೆಗುಡ್ಡ, ಇದೆ. ಅದರ ನೆತ್ತಿಯ ಮೇಲೆ ಶೀಟು ಹೊದಿಸಿದ ಸಣ್ಣ ಕೋಣೆ, ಪಕ್ಕದಲ್ಲಿ ಒಂದು ಕಂಬ. ಕೋಣೆಯೊಳಗೆ ನಮ್ಮ ಹವ್ಯಾಸಿ ರೇಡಿಯೋ ಬಳಗದ ರಿಪೀಟರ್. ನಮ್ಮ ಮನೆಯವರೆಲ್ಲ ಅದನ್ನು ಪೆಟ್ಟಿಗೆ ಎಂದೇ ಕರೆಯುವುದು. ಅರಕಲಗೂಡಿನಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನಲ್ಲಿ ಮಾತಾಡಿದರೆ ಆ ದನಿ ಚನ್ನರಾಯಪಟ್ಟಣಕ್ಕೆ ಮುಟ್ಟುವುದಿಲ್ಲ. ಪೆಟ್ಟಿಗೆ ಎತ್ತರದಲ್ಲಿ ಕೂತು ಆ ಸಣ್ಣ ದನಿಯನ್ನು ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಗಟ್ಟಿಯಾಗಿ ಮತ್ತೆ ಹೇಳುತ್ತದೆ. ಅದು ಬಾಯಿ ಮುಚ್ಚಿದರೆ ಹಾಸನ, ಹೊಳೆನರಸೀಪುರ ಸೇರಿ ನಾಲ್ಕು ಊರುಗಳೂ ಒಂದಕ್ಕೊಂದು ಮೂಕ.

ಅದು ಆಗಾಗ ಬಾಯಿ ಮುಚ್ಚುತ್ತಿತ್ತು. ಬೋರೆಗೆ ಬರುವುದು ಪಂಪ್‌ಸೆಟ್ಟುಗಳ ಲೈನು, ಕರೆಂಟು ಪಾಳಿಯ ಮೇಲೆ ಬರುತ್ತದೆ. ಬಂದಾಗಲೂ ಒಮ್ಮೆ ದೀಪ ಮಿಣುಕು, ಒಮ್ಮೆ ಬಲ್ಬು ಸುಡುವಷ್ಟು ಜೋರು. ಹೀಗೆ ಒಂದು ದಿನ ಚಾರ್ಜರ್ ಸುಟ್ಟುಹೋಯಿತು. ಆಗ ನನ್ನ ಸೋದರಮಾವ ಎದ್ದು ನಿಂತರು. ಮಾವ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು, ನಮ್ಮ ಬಳಗದಲ್ಲಿ ಹಳಬರು. "ಕರೆಂಟಿನ ಹಂಗೇ ಬ್ಯಾಡ. ಸೂರ್ಯ ಯಾವತ್ತಾರ ಪಾಳಿ ಮಾಡವ್ನಾ?" ಎಂದರು. ಶೀಟಿನ ಮೇಲೆ ಒಂದು ಸೌರಫಲಕ, ಒಳಗೆ ಮನೆಯ ಯುಪಿಎಸ್‌ಗೆ ಇಡುವಂಥ ದೊಡ್ಡ ಬ್ಯಾಟರಿ, ಹಗಲು ತುಂಬಿಕೊಂಡು ರಾತ್ರಿಯೂ ನಡೆಯುವ ಏರ್ಪಾಡು. ಅದನ್ನು ಆಯುಧಪೂಜೆಯ ದಿನವೇ ಶುರು ಮಾಡುವುದೆಂದು ನಿಶ್ಚಯವಾಯಿತು.

ಅದರ ಮುಂದಿನ ಭಾನುವಾರ ಚಿಕ್ಕಮ್ಮನ ದಿನ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ, ಮಾವನಿಗೂ ತಂಗಿ. ಅರಕಲಗೂಡಿನ ಹತ್ತಿರ ಆಲೂಗೆಡ್ಡೆ, ಶುಂಠಿ ಬೆಳೆಯುವ ಮನೆಗೆ ಕೊಟ್ಟದ್ದು. ಅಣ್ಣ ರೇಡಿಯೋದಲ್ಲಿ ಊರೂರಿನವರ ಜೊತೆ ಹರಟುವುದನ್ನು ಹುಡುಗಿಯಾಗಿದ್ದಾಗಿನಿಂದ ಕೇಳಿಸಿಕೊಂಡು ಬೆಳೆದವಳು, ಮಕ್ಕಳ ಮದುವೆಯೆಲ್ಲ ಮುಗಿಸಿ, ನನ್ನ ಹತ್ತಿರ ಓಮ್ ನಿಯಮದಿಂದ ಹಿಡಿದು ಪಾಠ ಹೇಳಿಸಿಕೊಂಡು, ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದಳು. ನಮ್ಮ ಬಳಗದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ. ಒಬ್ಬರು ಕೂತು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತಾರೆ, ಕರೆದವರು ಊರಿನ ಮಳೆ, ಬೆಳೆ ಹೇಳುತ್ತಾರೆ. ಹೊಳೆನರಸೀಪುರದ ನಿವೃತ್ತ ಮೇಷ್ಟ್ರೊಬ್ಬರು ಹೇಮಾವತಿಯ ನೀರು ಯಾವ ಮೆಟ್ಟಿಲಿನಲ್ಲಿದೆ ಎಂದು ಒಂದು ವಾರವೂ ತಪ್ಪದೆ ಹೇಳುತ್ತಾರೆ. ಆ ಭಾನುವಾರ ಹಾಜರಿ ಕರೆಯುವ ಸರದಿ ಮೊದಲ ಬಾರಿಗೆ ಚಿಕ್ಕಮ್ಮನಿಗೆ ಬಂದಿತ್ತು.

"ಹಾಜ್ರಿ ಕರ್ಯೋದು ಅಂದ್ರೆ ಆಲೂಗೆಡ್ಡೆ ಹರಾಜು ಕೂಗ್ದಂಗಲ್ಲ ಕಣಮ್ಮಿ," ಎಂದರು ಮಾವ.

"ನೀ ಕಾಯಿ ಎಣಿಸ್ದಂಗೂ ಅಲ್ಲ, ಸುಮ್ಕಿರಣ್ಣ," ಎಂದಳು ಚಿಕ್ಕಮ್ಮ.

ಅವಳು ಸುಮ್ಮನೆ ಕೂರಲಿಲ್ಲ. ತಮ್ಮ ಸ್ವಸಹಾಯ ಸಂಘದ ಹೆಂಗಸರನ್ನೆಲ್ಲ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ಕೇಳಿ ಎಂದು ಕರೆದುಬಿಟ್ಟಳು. ಫೋನು ಇರುವಾಗ ಇದೆಲ್ಲ ಯಾಕೆ ಎಂದು ಅವರಲ್ಲೊಬ್ಬಳು ಕೇಳಿದಳಂತೆ. "ಫೋನಲ್ಲಿ ಕರೆದೋರು ಮಾತ್ರ ಬತ್ತಾರೆ. ಇದ್ರಲ್ಲಿ ಕರೀದೇ ಇದ್ದೋರೂ ಬತ್ತಾರೆ ಕಣವ್ವ," ಎಂದಳಂತೆ ಇವಳು. ಪೂಜೆ ಮುಗಿದ ಮೇಲೆ ಆ ವಾರವೆಲ್ಲ ಅಡಿಗೆಮನೆಯಲ್ಲಿ ಸೌಟು ಹಿಡಿದು ಹಾಜರಿ ಕರೆಯುವ ಅಭ್ಯಾಸ ನಡೆಯಿತು. ಬೆಳಿಗ್ಗೆ ಸಂಜೆ ಸೆಟ್ಟಿನಲ್ಲೂ ನಡೆಯಿತು.

ಆಯುಧಪೂಜೆಯ ದಿನ ಬೋರೆ ಹತ್ತಿದ್ದು ನಾವು ಮೂವರು ಮತ್ತು ಬಳಗದ ಕೆಲವರು. ಮಾವ ಬ್ಯಾಟರಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ನಿಂಬೆಹಣ್ಣು ಇರಿಸಿದರು. ಟರ್ಮಿನಲ್ಲಿಗೆ ಕುಂಕುಮ ತಾಗಿಸಬೇಡಿ ಎಂದು ನಾನು ಹೇಳಿದೆ, ಎಂ.ಎಸ್ಸಿ. ಓದಿದ್ದಕ್ಕೆ ಅಷ್ಟಾದರೂ ಹೇಳಬೇಡವೇ. ಚಿಕ್ಕಮ್ಮ ಎರಡು ಹಾರ ತಂದಿದ್ದಳು, ಒಂದು ಪೆಟ್ಟಿಗೆಗೆ, ಒಂದು ಕಂಬಕ್ಕೆ. ಆದರೆ ಮಾವ, "ದುಡಿಯೋ ಎತ್ತು ಮ್ಯಾಲದೆ, ಕಂಬಕ್ಯಾಕಮ್ಮಿ ಹಾರ?" ಎಂದು ಸೌರಫಲಕವನ್ನು ತೋರಿಸಿದರು. ಕೋಣೆಯ ಬಾಗಿಲು ಒಂದು ಕಡೆ, ಫಲಕವಿರುವ ಇಳಿಜಾರು ಇನ್ನೊಂದು ಕಡೆ. ಚಿಕ್ಕಮ್ಮ ಹಿಂದಕ್ಕೆ ಹೋಗಿ, ಬಂಡೆಯ ಮೇಲೆ ನಿಂತು, ಫಲಕದ ಮೇಲಂಚಿಗೆ ಹಾರ ಕಟ್ಟಿದಳು. ಬೂದುಗುಂಬಳ ಒಡೆದಾಯಿತು, ಉಸಲಿ ಹಂಚಿಯಾಯಿತು, ಎಲ್ಲರೂ ಇಳಿದೆವು.

ನಮ್ಮ ಕಡೆ ಪೂಜೆಗೆ ಹಾಕಿದ ಹಾರವನ್ನು ಯಾರೂ ಕೈಯಾರೆ ಕೀಳುವುದಿಲ್ಲ. ಅದು ಒಣಗಿ, ಪುಡಿಯಾಗಿ, ತಾನಾಗಿ ಬೀಳಬೇಕು. ದೀಪಾವಳಿ ಕಳೆದ ಮೇಲೂ ನಮ್ಮ ಟ್ರ್ಯಾಕ್ಟರುಗಳ ಮೂತಿಯಲ್ಲಿ ಕಂದು ಬಣ್ಣದ ದಾರಗಳು ನೇತಾಡುತ್ತಿರುತ್ತವೆ.

ಶುಕ್ರವಾರದವರೆಗೂ ಪೆಟ್ಟಿಗೆ ಗಂಟೆ ಹೊಡೆದಂತೆ ಕೆಲಸ ಮಾಡಿತು. ಮಾವ ಹಾಸನಕ್ಕೆ ಯಾವುದೋ ಕೆಲಸಕ್ಕೆ ಬಂದವರು ನಡುವೆ ಒಮ್ಮೆ ಬೋರೆ ಹತ್ತಿ ಬ್ಯಾಟರಿಯ ನೀರು ನೋಡಿ ಬಂದರು. ಎಲ್ಲ ಚೆನ್ನಾಗಿದೆ ಎಂದು ರೇಡಿಯೋದಲ್ಲೇ ಸಾರಿದರು. ಶನಿವಾರ ಸಂಜೆ ಚಿಕ್ಕಮ್ಮ ಅಭ್ಯಾಸಕ್ಕೆ ಗುಂಡಿ ಒತ್ತಿದಾಗ ಪೆಟ್ಟಿಗೆ ಬಿಕ್ಕಳಿಸತೊಡಗಿತು. ಅರ್ಧ ಮಾತು ಬರುತ್ತದೆ, ಕಟ್ ಆಗುತ್ತದೆ, ಮತ್ತೆ ಬರುತ್ತದೆ. ಬ್ಯಾಟರಿ ಸೋತಾಗ ಹೀಗಾಗುತ್ತದೆ. ಸುಮ್ಮನೆ ಕೂತು ಕೇಳುವಾಗ ಪೆಟ್ಟಿಗೆಗೆ ಶಕ್ತಿ ಸಾಕು, ಮಾತಾಡಲು ಹೊರಟರೆ ಸಾಲದು. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆಯೂ ನಿಂತಿತು.

ಫೋನುಗಳು ಓಡಾಡಿದವು. ಮಾವನ ತೀರ್ಪು ಆಗಲೇ ಸಿದ್ಧ: "ವಾರವೆಲ್ಲಾ ಬಾಯಿ ಬಡ್ದು ಬ್ಯಾಟ್ರಿ ತಿಂದಾಕ್ಬುಟ್ಲು. ಪೆಟ್ಗೆ ಮಾತಾಡ್ದಾಗ್ಲೇ ಅಲ್ವಾ ಕರೆಂಟು ಎಳ್ಯೋದು?"

ಅದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಆದರೆ ಫಲಕ ಹಗಲು ತುಂಬಿದ್ದರೆ ಇಂಥ ಹತ್ತು ಚಿಕ್ಕಮ್ಮಂದಿರು ಮಾತಾಡಿದರೂ ಬ್ಯಾಟರಿ ತಡೆಯಬೇಕಿತ್ತು. ಹಾಗೆಂದು ನಾನು ಹೇಳಿದೆ. ಮಾವ ಕೇಳಲಿಲ್ಲ. ಚಿಕ್ಕಮ್ಮ ಫೋನಿನಲ್ಲಿ, "ನಾಳೆ ಹೆಂಗಸ್ರೆಲ್ಲ ಬತ್ತಾರೆ. ಸೆಟ್ಟು ಗೊರ್ ಅಂತ ಕೂತಿದ್ರೆ ನನ್ ಮಖ ಎಲ್ಲಿಡ್ಲಿ? ಅವ್ರ ಕಣ್ಗೆ ನಾ ಮತ್ತೆ ಸೌಟು ಹಿಡ್ಯೋಳೇ," ಎಂದಳು. ಆಮೇಲೆ, "ಮೊದಲ್ನೇ ಬಸ್ಸಿಗೆ ಬತ್ತೀನಿ, ಸ್ಕೂಟರ್ ತಕ್ಕಂಡು ನಿಂತಿರು," ಎಂದಳು.

ಬೆಳಿಗ್ಗೆ ಹಾಸನದ ಬಸ್‌ಸ್ಟ್ಯಾಂಡಿನಿಂದ ಅವಳನ್ನು ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ಅಣ್ಣನನ್ನು ಬೈದಳು. ಗಾಳಿಯಲ್ಲಿ ಅರ್ಧ ಮಾತ್ರ ಕೇಳಿಸಿತು, ಅದೇ ಸಾಕಾಗಿತ್ತು. ಬೋರೆ ಹತ್ತಿ ಒಳಗೆ ನೋಡಿದರೆ ತಂತಿ ಸರಿ, ಫ್ಯೂಸು ಸರಿ. ಫಲಕದಿಂದ ಬರುವ ವಿದ್ಯುತ್ತು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು. ಹೊರಗೆ ಬಿಸಿಲು ಆಗಲೇ ಚುರುಕಾಗಿತ್ತು. ಹಿಂದಕ್ಕೆ ಹೋಗಿ ನೋಡಿದೆವು.

ಹಾರ ಮೇಲಂಚಿನಲ್ಲಿರಲಿಲ್ಲ. ಗಾಳಿಗೆ ಜಾರಿ, ಫಲಕದ ಕೆಳಸಾಲಿಗೆ ಅಡ್ಡಲಾಗಿ, ಅಳೆದು ಹಾಕಿದಂತೆ ಮಲಗಿತ್ತು. ಚಿಕ್ಕಮ್ಮನಿಗೆ ನಂಬಿಕೆ ಬರಲಿಲ್ಲ. "ಇಷ್ಟುದ್ದ ಹಲಗೆಗೆ ಇಷ್ಟಗಲ ಹೂವು ಏನ್ ಮಾಡೀತು?" ತೋಟದ ಪೈಪು ನೆನಪಿಸಿಕೊ ಎಂದೆ. ಉದ್ದದ ಪೈಪಿನಲ್ಲಿ ಒಂದೇ ಕಡೆ ಕಾಲಿಟ್ಟರೂ ಕೊನೆಯಲ್ಲಿ ನೀರು ಬರುವುದಿಲ್ಲ. ಈ ಫಲಕದ ಸೆಲ್ಲುಗಳೆಂಬ ಬಿಲ್ಲೆಗಳೂ ಒಂದರ ಹಿಂದೊಂದು ಪೋಣಿಸಿದವು, ಒಂದು ಸಾಲಿಗೆ ನೆರಳು ಬಿದ್ದರೆ ಉಳಿದವೂ ಕೂತುಬಿಡುತ್ತವೆ. ಇದು ಅವಳೇ ಬರೆದು ಪಾಸಾದ ಪರೀಕ್ಷೆಯಲ್ಲಿ ಇತ್ತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಅವಳು ಮಾತ್ರ ಇರಲಿಲ್ಲ ಎಂದು ಆಣೆ ಹಾಕುತ್ತಾಳೆ.

ನಾನು ಕೈ ಚಾಚಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಪೂಜೆ ಹಾರ ಕಣೇ."

"ಒಂಬತ್ತಕ್ಕೆ ಹಾಜರಿ, ಚಿಕ್ಕಮ್ಮ."

ಅವಳು ಒಂದು ಕ್ಷಣ ಹಾರವನ್ನು, ಒಂದು ಕ್ಷಣ ಸೂರ್ಯನನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಬಂಡೆ ಹತ್ತಿ, ಹಾರವನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿ, ತಂದು ಕಂಬಕ್ಕೆ ಕಟ್ಟಿದಳು. "ನಾ ಮೊದ್ಲೇ ಅಂದಿರ್ಲಿಲ್ವಾ, ಕಂಬಕ್ಕೆ ಅಂತ?"

ಹಾರ ತೆಗೆದರೂ ಬ್ಯಾಟರಿ ಒಂದು ಗಳಿಗೆಯಲ್ಲಿ ತುಂಬುವುದಿಲ್ಲ. ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗ ಕೆಳಗೆ ಕಾರು ನಿಂತ ಸದ್ದಾಯಿತು. ಮಾವ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಒಂದು ಕೈಯಲ್ಲಿ ಸ್ಪ್ಯಾನರ್, ಹೆಗಲ ಮೇಲೆ ಎರಡು ದಪ್ಪ ತಂತಿ. ಚನ್ನರಾಯಪಟ್ಟಣದಿಂದ ಅಷ್ಟು ಬೆಳಿಗ್ಗೆ ಹೊರಟಿದ್ದರು.

"ಏನಣ್ಣಾ, ಬ್ಯಾಟ್ರಿ ತಿಂದೋಳ್ನ ನೋಡೋಕ್ ಬಂದಾ?" ಚಿಕ್ಕಮ್ಮ ಮೇಲಿಂದಲೇ ಕೂಗಿದಳು.

"ಉಣ್ಸೋಕ್ ಬಂದೆ. ದಾರಿ ಬುಡು."

ಅವರು ಕಾರಿನ ಬ್ಯಾಟರಿಯನ್ನೇ ಬಿಚ್ಚಿದರು. ಮೂವರೂ ಸರದಿಯ ಮೇಲೆ ಹೊತ್ತು ಮೇಲೆ ತಂದೆವು. ಹಾರದ ಕತೆ ಹೇಳಿದಾಗ ಮಾವ ಕಂಬದ ಕಡೆ ನೋಡಿ, ಮೀಸೆ ತಿರುವಿ, ತಂತಿ ಬಿಗಿದರು. ಪೆಟ್ಟಿಗೆಯ ದೀಪ ಹಸಿರಾಯಿತು.

ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಸೆಟ್ಟಿನಲ್ಲಿ ಮಾತಾಡಲಾಗದು, ಅದರ ಗಟ್ಟಿ ದನಿಗೆ ನಮ್ಮ ಸೆಟ್ಟಿನ ಕಿವಿ ಮುಚ್ಚಿಹೋಗುತ್ತದೆ. ಹಾಗಾಗಿ ಚಿಕ್ಕಮ್ಮ ಬೋರೆ ಇಳಿದು, ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತಳು. ಅರಕಲಗೂಡಿನ ಮನೆಯಲ್ಲಿ ಚಿಕ್ಕಪ್ಪ ಇನ್ನೊಂದು ಸೆಟ್ಟನ್ನು ಜಗಲಿಯ ಮೇಲಿಟ್ಟು ಹೆಂಗಸರಿಗೆಲ್ಲ ಕಾಫಿ ಹಂಚುತ್ತಿದ್ದರು. ಒಂಬತ್ತಾಯಿತು. ಅವಳು ಗುಂಡಿ ಒತ್ತಿದಳು. ಊರು ಹಿಡಿದು ಒಬ್ಬೊಬ್ಬರನ್ನೇ ಕರೆದಳು. ಹಾಸನದವರು ಬಂದರು, ಬೂವನಹಳ್ಳಿಯ ಕಡೆಯಿಂದ ಒಬ್ಬರು ಬಂದರು. ಹೊಳೆನರಸೀಪುರದ ಮೇಷ್ಟ್ರು ನೀರಿನ ಮಟ್ಟ ಹೇಳಿ, ಅದರ ಜೊತೆಗೆ ಹೋದ ವಾರದ್ದನ್ನೂ ಹೇಳಲು ಹೊರಟಾಗ, "ಸಾ, ಹೋದ್ವಾರದ್ದು ಹೋದ್ವಾರವೇ ಕೇಳಿವಿ, ಮುಂದಿನೋರಿಗೆ ಜಾಗ ಬುಡಿ," ಎಂದಳು. ಅವರನ್ನು ಹಾಗೆ ನಿಲ್ಲಿಸಿದವರು ನನಗೆ ತಿಳಿದಂತೆ ಅವಳೇ ಮೊದಲು.

ಕೊನೆಗೆ ಚನ್ನರಾಯಪಟ್ಟಣವನ್ನು ಕರೆದಳು. ಮಾವ ಬ್ಯಾಟರಿಯಿಲ್ಲದ ಕಾರಿಗೆ ಒರಗಿ ನಿಂತು, ತಮ್ಮ ಸೆಟ್ಟಿನಲ್ಲಿ, "ಹಾಜರ್, ಮೇಡಂ," ಎಂದರು. ಮೇಡಂ ಎಂದರೋ ಅಮ್ಮಣ್ಣಿ ಎಂದರೋ ಎಂಬುದರಲ್ಲಿ ನನಗೆ ಸಂಶಯವಿದೆ. ಚಿಕ್ಕಮ್ಮನಿಗಿಲ್ಲ, ಜಗಲಿಯ ಮೇಲಿದ್ದ ಹೆಂಗಸರಿಗೂ ಇಲ್ಲ. ಅವರಲ್ಲಿ ಇಬ್ಬರು ಈಗ ಪರೀಕ್ಷೆಗೆ ಓದುತ್ತಿದ್ದಾರೆ.

ಸೌರಫಲಕ ಬ್ಯಾಟರಿಯನ್ನು ಮತ್ತೆ ತುಂಬುವವರೆಗೆ ಕಾರಿನ ಬ್ಯಾಟರಿ ಬೋರೆಯ ಮೇಲೇ ಇರಬೇಕಾಯಿತು. ಕಾರನ್ನು ಹೊಂಗೆ ಮರದ ಕೆಳಗೆ ಬಿಟ್ಟು, ಕಾಯಿ ಮಂಡಿಯ ಯಜಮಾನರು ಸ್ಪ್ಯಾನರನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡು ಹಾಸನದಿಂದ ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡು ಊರಿಗೆ ಹೋದರು. ಚಿಕ್ಕಮ್ಮ ಬಸ್ಸಿನ ಕಿಟಕಿಯತ್ತ ಕೈ ಬೀಸುತ್ತ, "ಉಸಾರು ಕಣಣ್ಣಾ, ಹಾರ ಗೀರ ಹಾಕ್ಸ್ಕಬ್ಯಾಡ!" ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು.

ನಗು ಇಳಿದ ಮೇಲೆ ನನ್ನ ತಲೆಗೆ ಹುಳು ಹೊಕ್ಕಿತು. ಸ್ಪ್ಯಾನರ್, ಅಳತೆಗೆ ಸರಿಯಾದ ತಂತಿ, ಅಷ್ಟು ಬೆಳಿಗ್ಗೆ, ತಮ್ಮದೇ ತಪ್ಪು ತೀರಿಸಲು ಬಂದವರಂತೆ. ತಂಗಿಯ ಮೇಲಿನ ಅಕ್ಕರೆ ಎಂದರೆ ಒಪ್ಪುತ್ತೇನೆ, ಮಾವ ಹಾಗೆಯೇ. ಆದರೆ ವಾರದ ನಡುವೆ ಬೋರೆ ಹತ್ತಿದವರೂ ಅವರೊಬ್ಬರೇ. ಬಾಗಿಲಿನ ಕಡೆಯಿಂದ ಫಲಕ ಕಾಣುವುದಿಲ್ಲ, ನಿಜ. ನೀರು ನೋಡಿ ಹಾಗೆಯೇ ಇಳಿದಿರಬಹುದು. ಅಥವಾ ಹಿಂದಕ್ಕೂ ಹೋಗಿ, ಜಾರಿದ ಹಾರ ಕಂಡು, ಪೂಜೆಯದೆಂದು ಮುಟ್ಟದೆ ಕೈ ಮುಗಿದು ಬಂದಿರಬಹುದು. ಹಾಗಿದ್ದರೆ ಶನಿವಾರ ತಂಗಿಯನ್ನು ಬೈದದ್ದು ಯಾಕೆ?

ಮಂಡಿಗೇ ಹೋಗಿ ಕೇಳಿದೆ. "ಕಾಯಿ ಲೋಡು ಬಂದದೆ, ಆಮ್ಯಾಕ್ ಹೇಳ್ತೀನಿ ಕಣವ್ವ," ಎಂದು ನನಗೆ ಎಳನೀರು ಕೊಚ್ಚಿಸಿಕೊಟ್ಟರು. ಲೋಡು ಇಳಿಯಿತು, ದೀಪಾವಳಿ ಬಂತು, ಹೋಯಿತು. ಕಂಬದ ಮೇಲಿನ ಹಾರ ಉದುರಿ ದಾರವಷ್ಟೇ ಉಳಿದಿದೆ. ಭಾನುವಾರಗಳಲ್ಲಿ ಮಾವ ಹಾಜರ್ ಎನ್ನುತ್ತಾರೆ, ಮಳೆ ಹೇಳುತ್ತಾರೆ, ಕಾಯಿ ಹೇಳುತ್ತಾರೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ: ಮಾವ, ಅವತ್ತು ನೀರು ನೋಡಲು ಹೋದಾಗ ಹಾರ ನಿಮ್ಮ ಕಣ್ಣಿಗೆ ಬಿದ್ದಿತ್ತಾ?