ಎರಡು ಕೋಣೆಯ ಮನೆಗೊಂದು ತಳಿ

ಲಿಫ್ಟು ತಯಾರಿಸುವ ಕಂಪನಿಯಲ್ಲಿ ನಕ್ಷೆ ಬರೆಯುವ ಅವನನ್ನು ಆಫೀಸಿನವರೆಲ್ಲ ಮಿಲಿಮೀಟರ್ ಎಂದು ಕರೆಯುತ್ತಿದ್ದರು. ಬೆನ್ನ ಹಿಂದಷ್ಟೇ ಅಲ್ಲ, ಮುಖದೆದುರಿಗೂ ಅದೇ ಹೆಸರು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಬರೆದ ಒಂದು ನಕ್ಷೆಯೂ ತಪ್ಪೆಂದು ಕಟ್ಟಡದ ಜಾಗದಿಂದ ವಾಪಸ್ಸು ಬಂದಿರಲಿಲ್ಲ. ಹೊಸದಾಗಿ ಸೇರಿದವರು ಯಾರಾದರೂ "ಸುಮಾರು ಒಂದೂವರೆ ಮೀಟರ್ ಇರಬಹುದು ಸಾರ್" ಎಂದರೆ ಅವನ ಮುಖ ಹುಳಿ ತಿಂದಂತಾಗುತ್ತಿತ್ತು. "ಸುಮಾರು ಅನ್ನೋ ಜಾಗದಲ್ಲಿ ಲಿಫ್ಟ್ ಓಡಲ್ಲಪ್ಪ" ಎಂದು ಹೇಳಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಇಷ್ಟಕ್ಕೂ ಅವನಿದ್ದ ಮನೆ ಮೂರನೇ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟಿರಲಿಲ್ಲ.

ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕುವಷ್ಟೇ ಅಗಲದ ಬಾಲ್ಕನಿ. ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬಂದವರ ಮೂಗು, ಕಿವಿ ನೋಡಿ ಫ್ರೇಮಿನ ಕಾಲುಗಳನ್ನು ಬಗ್ಗಿಸಿ ಕೂರಿಸುವುದರಲ್ಲಿ ಅವಳ ಕೈ ಪಳಗಿತ್ತು. ಮದುವೆಯಾಗಿ ಹದಿನೈದು ವರ್ಷ. ಎರಡು ಸಲ ಬಸಿರಾಗಿ ಎರಡೂ ಸಲ ಐದನೇ ತಿಂಗಳು ದಾಟಿರಲಿಲ್ಲ. ಎರಡನೆಯದರ ನಂತರ ಡಾಕ್ಟರು ಇನ್ನು ಬೇಡ ಎಂದುಬಿಟ್ಟಿದ್ದರು. ಆಮೇಲೆ ಇಬ್ಬರೂ ಕೂಗಾಡಿ ಜಗಳವಾಡಿದ್ದರೆ ಎಷ್ಟೋ ಮೇಲಿತ್ತು. ಅದಾಗಲಿಲ್ಲ. ಮಾತು ದಿನದಿನಕ್ಕೆ ಸವೆಯುತ್ತ ಹೋಗಿ "ಹಾಲು ಮುಗೀತು", "ಬೀಗದ ಕೈ ಎಲ್ಲಿ" ಎನ್ನುವಷ್ಟಕ್ಕೆ ಬಂದು ನಿಂತಿತ್ತು.

ಹಾಗಿರುವಾಗ ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತಲೇ ಮಾತಾಡಿದಳು. ಅಂಗಡಿಗೆ ಬಂದ ಗಿರಾಕಿಯೊಬ್ಬರ ಜೊತೆ ನಾಯಿಯಿತ್ತಂತೆ. ಫ್ರೇಮು ಸರಿಮಾಡುವಷ್ಟು ಹೊತ್ತೂ ಅದು ಇವಳ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತಂತೆ.

"ಕಾಲು ಜೋಮು ಹಿಡೀತು. ಆದ್ರೂ ಅಲ್ಲಾಡಿಸೋಕೆ ಮನಸ್ಸು ಬರಲಿಲ್ಲ. ರೀ, ನಾವೂ ಒಂದು ನಾಯಿ ಸಾಕೋಣ್ವಾ?"

ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿ ವರ್ಷಗಳಾಗಿದ್ದವು. ಅವನು ಆಗಲಿ ಅಂದ. ಮರುದಿನವೇ ಉದ್ದನೆಯ ನೋಟ್‌ಬುಕ್ ತಂದು ಅಂಕಣ ಎಳೆದ. ತಳಿ, ಎತ್ತರ, ತೂಕ, ಕೂದಲು ಉದುರುವುದು, ಬೊಗಳುವುದು, ದಿನಕ್ಕೆ ಎಷ್ಟು ನಡೆಸಬೇಕು, ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು, ಮೆಟ್ಟಿಲು ಹತ್ತುವುದು. ಅವನು ನೋಡಿ ಬರೆಯುತ್ತಿದ್ದ ನಾಯಿತಳಿಗಳ ಪುಸ್ತಕದಲ್ಲಿ ಮಕ್ಕಳೊಂದಿಗೆ ಹೇಗೆ ಎಂಬ ಅಂಕಣವೂ ಒಂದಿತ್ತು. ಅದನ್ನು ಅವನು ಬರೆಯಲಿಲ್ಲ. ಅವನು ಅದನ್ನು ಬಿಟ್ಟದ್ದನ್ನು ಅವಳು ಗಮನಿಸಿದಳು.

ಅಲ್ಲಿಂದ ಸಂಜೆಗಳ ಬಣ್ಣವೇ ಬದಲಾಯಿತು. ಊಟದ ತಟ್ಟೆ ಎತ್ತುತ್ತಲೇ ನೋಟ್‌ಬುಕ್ ಮೇಜಿಗೆ ಬರುತ್ತಿತ್ತು. ಲ್ಯಾಬ್ರಡಾರ್ ಅವಳಿಗೆ ಇಷ್ಟ. ಅವನು ಟೇಪು ಹಿಡಿದು ಮೇಜಿಗೂ ಗೋಡೆಗೂ ನಡುವಿನ ಜಾಗ ಅಳೆದು, "ಇದು ತಿರುಗಿಕೊಳ್ಳೋಕೇ ತೊಂಬತ್ತು ಸೆಂಟಿಮೀಟರ್ ಬೇಕು, ನಮ್ಮಲ್ಲಿರೋದು ಎಪ್ಪತ್ತು. ಒಳಗೆ ಬಂದ್ರೆ ಹೊರಗೆ ಹಿಮ್ಮುಖವಾಗೇ ಹೋಗ್ಬೇಕು" ಎಂದ. ಪಗ್ ಆಗಬಹುದೇನೋ ಎಂದುಕೊಂಡರೆ ಅದು ಗೊರಕೆ ಹೊಡೆಯುತ್ತದಂತೆ. "ಆಗಲೇ ಒಬ್ಬರು ಹೊಡೀತಿದ್ದಾರಲ್ಲ, ಸಾಲದಾ?" ಎಂದಳು ಅವಳು. ಕುರಿ ಕಾಯುವ ತಳಿಯೊಂದು ಬಹಳ ಜಾಣ, ಆದರೆ ಕೆಲಸ ಕೊಡದಿದ್ದರೆ ಮಂಕು ಹಿಡಿದಂತಾಡುತ್ತದೆ ಎಂದು ಅವನು ಓದಿ ಹೇಳಿದಾಗ, "ಕುರಿ ಎಲ್ಲಿಂದ ತರೋದು? ನೀವೇ ಆಗ್ಬೇಕು" ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹಸ್ಕಿಯನ್ನು ಅದರ ದಪ್ಪ ತುಪ್ಪಳಕ್ಕಾಗಿ ಬಿಟ್ಟರು. ಬೀಗಲ್ ಮೂಗು ಹೋದತ್ತ ಓಡುತ್ತದೆಂದು ಬಿಟ್ಟರು. ಡ್ಯಾಶ್‌ಹಂಡಿನ ಉದ್ದ ಬೆನ್ನಿಗೆ ಮೂರು ಮಹಡಿಯ ಮೆಟ್ಟಿಲು ಒಳ್ಳೆಯದಲ್ಲ ಎಂದು ಒಂದು ವಾರ ಚರ್ಚಿಸಿ ಅದನ್ನೂ ಬಿಟ್ಟರು.

ಮನಸ್ಸು ಮಾಡಿದ್ದರೆ ಒಂದೇ ತಿಂಗಳಲ್ಲಿ ತೀರ್ಮಾನ ಮಾಡಬಹುದಿತ್ತು. ಅವನೇ ಎಳೆದ. ಒಂದು ತಳಿ ಸರಿಹೋಗುತ್ತಿದೆ ಅನ್ನಿಸಿದೊಡನೆ ಇನ್ನೊಂದರ ಹೆಸರು ತರುತ್ತಿದ್ದ. ಹಾಗೆ ಎಂಟು ತಿಂಗಳು ನಡೆಯಿತು. ಮದುವೆಯಾದ ಹೊಸತರಲ್ಲೂ ಅಷ್ಟು ಮಾತಾಡಿರಲಿಲ್ಲವೆಂದು ಅವನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಕೊನೆಗೆ ಕಾಕರ್ ಸ್ಪೇನಿಯಲ್ ಎಂದಾಯಿತು. ಮಧ್ಯಮ ಗಾತ್ರ, ಮೃದು ಸ್ವಭಾವ, ಮಡಿಲು ಬಿಟ್ಟಿಳಿಯದ ಜೀವ. ಮನೆ ಖಾಲಿ ಇರುವ ಹೊತ್ತನ್ನು ಕಡಿಮೆ ಮಾಡಲು ಅವಳು ಅಂಗಡಿಯಲ್ಲಿ ಕೇಳಿ ಮಧ್ಯಾಹ್ನಕ್ಕೇ ಹಿಂತಿರುಗುವ ವ್ಯವಸ್ಥೆಯನ್ನೂ ಮಾಡಿಕೊಂಡಳು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿಳಿದು, ಊರಾಚೆಗೆ ನಾಯಿ ಸಾಕುವ ಒಬ್ಬ ಹೆಂಗಸಿನ ಬಳಿ ಹೋದರು.

ಆಕೆಗೆ ಐವತ್ತು ದಾಟಿರಬಹುದು. ಮೊಣಕಾಲವರೆಗೆ ರಬ್ಬರ್ ಬೂಟು, ಮುಂಗೈ ತುಂಬ ಪರಚಿದ ಗೆರೆ. ಕೇಳಿದವರಿಗೆಲ್ಲ ಮರಿ ಕೊಡುವವಳಲ್ಲ ಎಂದು ಹೆಸರು ಮಾಡಿದ್ದಳು. ಒಂದು ಮರಿಯನ್ನು ಹೆಂಡತಿಯ ತೊಡೆಯ ಮೇಲೆ ಬಿಟ್ಟು ಆಕೆ ಪ್ರಶ್ನೆ ಶುರುಮಾಡಿದಳು. ಅವನು ನೋಟ್‌ಬುಕ್ ತೆರೆದು ಒಂದೊಂದಕ್ಕೂ ಉತ್ತರ ಕೊಟ್ಟ. ಆಕೆ ಪುಟ ತಿರುವಿ ನೋಡಿ ಮೆಚ್ಚಿ ತಲೆದೂಗಿದಳು.

"ಇಷ್ಟು ಯೋಚನೆ ಮಾಡಿ ಬಂದೋರನ್ನ ನಾನು ನೋಡಿಲ್ಲ ಸಾರ್. ಮುಕ್ಕಾಲು ಜನ ಫೋಟೋ ನೋಡಿ ಬರ್ತಾರೆ. ಇನ್ನೊಂದೇ ಕೇಳೋದಿದೆ. ಈ ಜಾತಿ ಹದಿಮೂರು ಹದಿನಾಲ್ಕು ವರ್ಷ ಬದುಕತ್ತೆ. ಅಷ್ಟು ವರ್ಷ ಆ ಮನೇಲಿ ಯಾರ್ಯಾರು ಇರ್ತೀರಿ? ಎಲ್ಲರ ಬಾಯಲ್ಲೂ ಕೇಳೋದು ನನ್ನ ಪದ್ಧತಿ."

"ನಾವಿಬ್ಬರೇ" ಎಂದ ಅವನು.

ಆಕೆ ಹೆಂಡತಿಯ ಕಡೆ ತಿರುಗಿದಳು. "ಅಮ್ಮಾ?"

ಅವಳು ಮರಿಯ ಕಿವಿಯನ್ನು ಎರಡು ಬೆರಳಲ್ಲಿ ಸವರುತ್ತಿದ್ದಳು. ಸವರುವುದು ನಿಂತಿತು. ಮರಿಯನ್ನು ಮೆಲ್ಲಗೆ ಎತ್ತಿ ಕೆಳಗೆ ಬಿಟ್ಟಳು. "ನನಗೆ ಗೊತ್ತಿಲ್ಲ" ಎಂದಳು. "ಹದಿನಾಲ್ಕು ವರ್ಷ ಅಂದ್ರೆ, ನನಗೆ ಗೊತ್ತಿಲ್ಲ."

ಅವನು ನೋಟ್‌ಬುಕ್ ಮುಚ್ಚಿದ. ಆಕೆ ಇಬ್ಬರ ಮುಖವನ್ನೂ ನೋಡಿ, ಮರಿಯನ್ನೆತ್ತಿ ಅದರ ತಾಯಿಯ ಹತ್ತಿರ ಬಿಟ್ಟು ಬಂದಳು. "ಮನೇಗೆ ಹೋಗಿ ಮಾತಾಡ್ಕೊಳ್ಳಿ. ಮರಿ ಎಲ್ಲೂ ಹೋಗಲ್ಲ" ಎಂದಳು.

ಬಸ್ಸಿನಲ್ಲಿ ಮನೆಯ ದಾರಿ ಮುಕ್ಕಾಲು ಕಳೆಯಿತು. ಆಮೇಲೆ ಅವನು ಕೇಳಿದ. "ಯಾಕೆ ಹಾಗಂದೆ?"

"ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ ರೀ. ಆ ಮರಿ ಹಾಗೆ ನಂಬಿಕೊಂಡು ಮಲಗಿತ್ತು." ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ಅಕ್ಕನ ಮನೇಗೆ ಹೋಗಿಬಿಡೋಣ ಅಂತ ಎರಡು ವರ್ಷದಿಂದ ಅಂದ್ಕೋತಿದ್ದೀನಿ. ನಾಯಿ ಬಂದ್ರೆ ಉಳ್ಕೋತೀನೇನೋ ಅನ್ಸಿತ್ತು. ಅಷ್ಟಕ್ಕೋಸ್ಕರ ಒಂದು ಜೀವ ತರೋದಾ?"

"ಮತ್ತೆ ಈ ಎಂಟು ತಿಂಗಳು?"

"ಚೆನ್ನಾಗಿತ್ತು. ಅದಕ್ಕೇ ಇಷ್ಟು ದಿನ ಇದ್ದೆ."

ಹೋಗಬೇಡ ಎನ್ನಬೇಕೆಂದುಕೊಂಡ. ನನ್ನದೇನು ತಪ್ಪು ಎಂದು ಕೇಳಬೇಕೆನ್ನಿಸಿತು.  "ಮುಂದಿನ ಸ್ಟಾಪು ನಮ್ಮದು" ಎಂದ.

ಮೂರನೇ ವಾರ ಅವಳು ಹೊರಟಳು. ಸೂಟ್‌ಕೇಸನ್ನು ಅವನೇ ಮೂರು ಮಹಡಿ ಇಳಿಸಿ, ರೈಲಿನಲ್ಲಿ ಸೀಟಿನ ಕೆಳಗೆ ತಳ್ಳಿ, ನೀರಿನ ಬಾಟಲಿ ತಂದುಕೊಟ್ಟ. "ನೀವಾದ್ರೂ ನಾಯಿ ತಗೊಳ್ಳಿ, ತಪ್ಪಿಸ್ಬೇಡಿ" ಎಂದಳು ಅವಳು. ರೈಲು ಬಿಟ್ಟಾಗ ಅವನಿಗೆ ಕೈ ಬೀಸಲು ನೆನಪಾಗಲಿಲ್ಲ.

ಮುಂದಿನ ತಿಂಗಳು ಅವನೊಬ್ಬನೇ ಆ ಹೆಂಗಸಿನ ಬಳಿ ಹೋದ. ಆಕೆ ಅವನ ಪಕ್ಕದ ಖಾಲಿ ಜಾಗವನ್ನು ನೋಡಿದಳು. 

"ಈಗ ದಿನಕ್ಕೆ ಎಷ್ಟು ಗಂಟೆ ಮನೆ ಖಾಲಿ ಇರತ್ತೆ ಸಾರ್?"

ಐದು ಗಂಟೆ ಎಂದು ಹೇಳಿದ್ದರೆ ಆಕೆಗೆ ಹೇಗೆ ಗೊತ್ತಾಗಬೇಕು? ಆದರೆ ತಪ್ಪು ಅಂಕಿ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಹತ್ತೂವರೆ."

"ಹಾಗಾದ್ರೆ ಮರಿ ಕೊಡೋಕಾಗಲ್ಲ. ಬೇರೆ ಯಾವ ಜಾತಿದಾದ್ರೂ..."

"ಯಾವುದೂ ಆಗಲ್ಲ. ನಾನೇ ಎಲ್ಲ ನೋಡಿದ್ದೀನಿ. ಅಂಥ ಮನೆಗೆ ಹೊಂದೋ ತಳಿ ಒಂದೂ ಇಲ್ಲ."

ಹಾಗೆಂದವನು ಎದ್ದು ಹೋಗಲಿಲ್ಲ. ನಾಯಿಗಳಿಗೆ ಸ್ನಾನ ಮಾಡಿಸುವ ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ಆಕೆ ಎರಡು ಗೂಡು ತೊಳೆದು ಬಂದರೂ ಅವನು ಅಲ್ಲೇ ಇದ್ದ. ಕೊನೆಗೆ ಆಕೆ ಒಳಗಿನಿಂದ ಒಂದು ಮುದಿ ನಾಯಿಯನ್ನು ಎತ್ತಿಕೊಂಡು ಬಂದಳು. ಅದೇ ತಳಿಯ ಹೆಣ್ಣು, ಹನ್ನೆರಡು ವರ್ಷದ್ದು. ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಕೇಳುತ್ತಿರಲಿಲ್ಲ.

"ದಿನಕ್ಕೆ ಇಪ್ಪತ್ತು ಗಂಟೆ ಮಲಗೇ ಇರತ್ತೆ. ಗಲಾಟೆಯಿಲ್ಲದ ಒಂದು ಮೂಲೆ ಬೇಕು ಇದಕ್ಕೆ, ಅಷ್ಟೆ. ಹೆಚ್ಚು ದಿನ ಇರಲ್ಲ, ಮೊದಲೇ ಹೇಳಿರ್ತೀನಿ."

ನಾಯಿ ಮನೆಗೆ ಬಂತು. ಬಾಗಿಲ ಹಿಂದೆ ಜಾಗ ಆರಿಸಿಕೊಂಡು ಗೋಡೆಗೆ ಮುಖಮಾಡಿ ಮಲಗಿತು. ಬೆಳಿಗ್ಗೆ ಸಂಜೆ ಅವನು ಅದನ್ನು ಮಗುವಿನಂತೆ ಎದೆಗಾನಿಸಿಕೊಂಡು ಮೆಟ್ಟಿಲಿಳಿಸುತ್ತಿದ್ದ. ಹಾಕಿದ್ದನ್ನು ತಿನ್ನುತ್ತಿತ್ತು, ಒರೆಸಿದರೆ ಒರೆಸಿಸಿಕೊಳ್ಳುತ್ತಿತ್ತು. ಆದರೆ ಅವನು ಬಂದನೆಂದು ಒಂದು ದಿನವೂ ಬಾಲ ಆಡಿಸಲಿಲ್ಲ. ಆಗಾಗ ತಲೆಯೆತ್ತಿ ಬಾಗಿಲಡಿಯ ಸಂದಿಗೆ ಮೂಗಿಟ್ಟು ಗಾಳಿ ಎಳೆದುಕೊಂಡು ಮತ್ತೆ ಮಲಗುತ್ತಿತ್ತು. ರಬ್ಬರ್ ಬೂಟಿನ ಆ ಹೆಂಗಸಿನ ವಾಸನೆಯನ್ನು ಅದು ಹುಡುಕುತ್ತಿದೆ ಎಂದು ಅವನಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದೇ ಬಾಗಿಲಿನ ಕಡೆ ಇಬ್ಬರೂ ಕಿವಿ, ಮೂಗು ಇಟ್ಟು ಕೂತಿದ್ದರು, ಬೇರೆ ಬೇರೆಯವರಿಗಾಗಿ.

ನಾಯಿ ಬಂದ ಸುದ್ದಿ ತಿಳಿಸಿದ ಮೇಲೆ ಹೆಂಡತಿ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಫೋನು ಮಾಡತೊಡಗಿದಳು. ಏನು ತಿಂತು, ಕಣ್ಣಿಗೆ ಔಷಧಿ ಹಾಕಿದ್ರಾ, ಚಳಿಗೆ ಏನು ಹೊದಿಸ್ತೀರಿ. ಮೊದಲು ಐದು ನಿಮಿಷ, ಆಮೇಲೆ ಹದಿನೈದು, ಒಂದು ಸಲ ಅರ್ಧ ಗಂಟೆ. ಹೇಳಲು ಮಾತು ಕಡಿಮೆ ಬೀಳಬಾರದೆಂದು ಅವನು ವಾರವಿಡೀ ನಾಯಿಯನ್ನು ನೋಡಿ ನೆನಪಿಟ್ಟುಕೊಳ್ಳುತ್ತಿದ್ದ. "ಒಂದ್ಸಲ ಬಂದು ನೋಡ್ಬೇಕು ಅನ್ಸತ್ತೆ" ಎಂದು ಒಮ್ಮೆ ಅವಳು ಅಂದಾಗ ಮರುದಿನವೇ ಪರದೆಗಳನ್ನೆಲ್ಲ ತೆಗೆದು ಒಗೆದುಹಾಕಿದ. ಅವಳು ಬರಲಿಲ್ಲ.

ನಾಲ್ಕನೇ ತಿಂಗಳು ಒಂದು ಬುಧವಾರ ಅವನು ಆಫೀಸಿನಿಂದ ಬಂದಾಗ ನಾಯಿ ಬೆಳಿಗ್ಗೆ ಮಲಗಿದ್ದಂತೆಯೇ ಮಲಗಿತ್ತು. ಬಟ್ಟಲಿಗೆ ಊಟ ಹಾಕಿಟ್ಟು, ಕೈಕಾಲು ತೊಳೆದು, ಬಟ್ಟೆ ಬದಲಿಸಿ ಬಂದ. ಊಟ ಹಾಗೇ ಇತ್ತು. ಬೆನ್ನ ಮೇಲೆ ಕೈಯಿಟ್ಟಾಗ ಗೊತ್ತಾಯಿತು. ಫೋನು ಮಾಡಿದಾಗ ಆ ಹೆಂಗಸು ತಾನೇ ವ್ಯಾನು ತಂದು ಒಯ್ದು, ತನ್ನ ಗೂಡುಗಳ ಹಿಂದಿನ ಬಯಲಲ್ಲಿ ಮಣ್ಣು ಮಾಡಿದಳು. ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ಅಳು ಬರಲಿಲ್ಲ.

ಭಾನುವಾರ ನಾಲ್ಕಕ್ಕೆ ಫೋನು ಬಂತು.

"ಹೇಗಿದೆ?"

"ಇದೆ."

"ಏನು ತಿಂತು?"

"ಅರ್ಧ ತಿಂದು ಅರ್ಧ ಬಿಡ್ತು."

ಫೋನಿಟ್ಟ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ. ಮುಂದಿನ ವಾರ ನಾಯಿಗೆ ನೆಗಡಿಯಾಗಿ ವಾಸಿಯಾಯಿತು ಎಂದ. ಮೂರನೇ ಭಾನುವಾರ, ನಿನ್ನೆ ಒಳಗೆ ಬಂದ ಕೂಡಲೇ ನನ್ನನ್ನು ನೋಡಿ ಬಾಲ ಆಡಿಸಿತು ಎಂದುಬಿಟ್ಟ.

 ಆ ಕಡೆ ಅವಳು ಮೂಗು ಸೆಳೆದದ್ದು ಕೇಳಿಸಿತು. "ನಿಜವಾಗ್ಲೂ? ಕೊನೆಗೂ ನಿಮಗೆ ಹೊಂದ್ಕೊಂತಲ್ಲ. ಈ ಶನಿವಾರ ರಜೆ ಹಾಕಿ ಬರ್ತೀನಿ ರೀ. ನಾನೂ ನೋಡ್ಬೇಕು."

"ಬರಬೇಡ" ಎಂದ ಅವನು. "ಅದು ಹೋಗಿ ಹದಿನೆಂಟು ದಿನ ಆಯ್ತು."

"ಬಾಲ ಆಡಿಸ್ತು ಅಂದ್ರಲ್ಲ?"

"ಅದು ಸುಳ್ಳು."

"ಮತ್ತೆ ಉಳಿದಿದ್ದೆಲ್ಲ?"

"ಮೂರು ವಾರದ ಹಿಂದಿನವರೆಗೆ ಹೇಳಿದ್ದೆಲ್ಲ ನಿಜ."

ಅವಳು ಬೈಯಲಿಲ್ಲ. ಬೈಯಲೆಂದು ಅವನು ಕಾದ. "ಸರಿ ರೀ. ಹುಷಾರಾಗಿರಿ" ಎಂದು ಫೋನಿಟ್ಟಳು. ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ಅವನೇ ಒಂದು ಭಾನುವಾರ ನಾಲ್ಕಕ್ಕೆ ಧೈರ್ಯ ಮಾಡಿ ಫೋನು ಮಾಡಿದ. ಅವಳ ಅಕ್ಕ ಎತ್ತಿಕೊಂಡರು. ಹಿಂದಿನಿಂದ ಯಾರೋ ಕೂಗುವುದು, ಪಾತ್ರೆ ಬಿದ್ದ ಸದ್ದು, ಅದರ ನಡುವೆ ನಾಯಿಮರಿಯ ಸಣ್ಣ ಕುಂಯ್‌ಗುಟ್ಟುವಿಕೆ.

"ಅವಳು ನಾಯಿಮರಿಗೆ ಔಷಧಿ ತರೋಕೆ ಹೋಗಿದ್ದಾಳೆ. ಹೋದ ತಿಂಗಳು ತಂದಳು ನೋಡಿ. ಮನೆ ತುಂಬ ಓಡಾಡ್ಕೊಂಡಿದೆ."

"ಯಾವ ಜಾತಿ ಅತ್ತಿಗೆ?"

"ಅದೆಲ್ಲ ಯಾರು ನೋಡಿದ್ರು? ಅವಳು ಇಲ್ಲಿ ಕೆಲಸಕ್ಕೆ ಹೋಗೋ ಅಂಗಡಿ ಮುಂದೆ ಮಳೇಲಿ ನೆನೀತಿತ್ತಂತೆ, ಎತ್ಕೊಂಡು ಬಂದಳು. ಅವಳ ಹಾಸಿಗೇಲೇ ಮಲಗತ್ತೆ. ಬಂದ ಮೇಲೆ ನೀವು ಫೋನ್ ಮಾಡಿದ್ರಿ ಅಂತ ಹೇಳಲಾ?"

"ಬೇಡ ಬಿಡಿ" ಎಂದ ಅವನು. "ಸುಮ್ನೆ ಮಾಡಿದ್ದೆ. ಒಳ್ಳೇದಾಯ್ತು."

ಫೋನು ಕೆಳಗಿಟ್ಟ. ಗಂಟೆ ಇನ್ನೂ ನಾಲ್ಕೂಕಾಲು. ಸೋಮವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವವರೆಗೆ ಅವನಿಗೆ ಮಾಡಲು ಏನೂ ಇರಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕುಳಿತ.