ನಲವತ್ತು ಮೈಲಿಯ ಅದುರು

ಯುದ್ಧದ ಕಾಲದಲ್ಲಿ ಮುಳಬಾಗಿಲು ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತಿದ್ದದ್ದು ಒಂದೇ ಒಂದು ಕಾರು. ಅದನ್ನು ಓಡಿಸುತ್ತಿದ್ದವನು ದೊಡ್ಡವೆಂಕಟಪ್ಪ. ರಿಪೇರಿ ಏನಿದ್ದರೂ ಅವನ ತಮ್ಮ ಚಿಕ್ಕವೆಂಕಟಪ್ಪನದು. ಅಣ್ಣ ದಾರಿಯುದ್ದಕ್ಕೂ ತೆಲುಗಿನವರೊಡನೆ ತೆಲುಗು, ಕನ್ನಡದವರೊಡನೆ ಕನ್ನಡ ಆಡಿಕೊಂಡು ಹೋಗುವ ಮನುಷ್ಯ. ತಮ್ಮ ಮದ್ರಾಸಿನ ವರ್ಕ್‌ಶಾಪೊಂದರಲ್ಲಿ ಕೆಲಸ ಕಲಿತು ಬಂದವನು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವವನು.

ಅವನ ಮೌನಕ್ಕೆ ಸರಿಯಾಗಿ ಸಿಕ್ಕಿದ್ದಳು ಹೋಳೂರಿನ ಅಕ್ಕಯಮ್ಮ. ಮದುವೆಯಾಗಿ ಹೋಳೂರಿನಿಂದ ಅದೇ ಕಾರಿನಲ್ಲಿ ಬಂದಾಗ ದಾರಿಯಲ್ಲಿ ನಾಲ್ಕಾರು ಕಡೆ ವಾಂತಿಗೆ ಇಳಿದು, ಪ್ರತಿ ಸಲವೂ ನಗುತ್ತಲೇ ಹತ್ತಿದ್ದಳಂತೆ. ಸಂಜೆ ಗಂಡ ಶೆಡ್ಡಿನಿಂದ ಬಂದರೆ ಹುಣಸೆಹಣ್ಣು ಹಚ್ಚಿ ಅವನ ಕೈಯ ಗ್ರೀಸು ತಿಕ್ಕುವುದು ಅವಳ ಕೆಲಸ. ತಿಕ್ಕುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಕೈ ಶುದ್ಧವಾದ ಮೇಲೂ ಅವನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ನಲವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಕಾರು ಅದುರತೊಡಗಿತು. ಊರೊಳಗೆ ಏನೂ ಇಲ್ಲ. ಮದ್ರಾಸ್ ರಸ್ತೆಗೆ ಬಿದ್ದು ವೇಗದ ಮುಳ್ಳು ನಲವತ್ತು ಮೈಲಿಯ ಹತ್ತಿರ ಬಂತೆಂದರೆ ಕಾರಿನ ಮೈಯೆಲ್ಲ ನಡುಗುತ್ತಿತ್ತು. ವೇಗ ಇಳಿಸಿದರೆ ಮತ್ತೆ ಸುಮ್ಮನಾಗುತ್ತಿತ್ತು.

"ಇಂಜಿನ್ನೇ ಹೋಗ್ತಾ ಐತೇನೋ ಕಣೋ," ಎಂದ ದೊಡ್ಡವೆಂಕಟಪ್ಪ.

ಚಿಕ್ಕವೆಂಕಟಪ್ಪ ಅಣ್ಣನ ಪಕ್ಕ ಕುಳಿತು ರಸ್ತೆಗೆ ಹೊರಡಿಸಿದ. ಅದುರು ಶುರುವಾದ ಕೂಡಲೇ ಗೇರು ತಪ್ಪಿಸಿ ಕಾರನ್ನು ಹಾಗೇ ಹೋಗಲು ಬಿಡಿಸಿದ. ಇಂಜಿನ್ನಿನ ಸದ್ದು ತಗ್ಗಿತು, ಅದುರು ತಗ್ಗಲಿಲ್ಲ. "ಇಂಜಿನ್ ಅಲ್ಲ," ಎಂದ. ಸ್ಟೀರಿಂಗಿನ ಮೇಲೆ ಕೈಯಿಟ್ಟು ನೋಡಿದ, ಅದು ನಿಶ್ಚಲವಾಗಿತ್ತು. ಹಿಂದಿನ ಸೀಟಿಗೆ ಹೋಗಿ ಕುಳಿತರೆ ಬೆನ್ನಿನವರೆಗೂ ನಡುಕ ಬರುತ್ತಿತ್ತು, ಎಡಗಡೆ ಇನ್ನೂ ಹೆಚ್ಚು. ಹಾಗಾದರೆ ದೋಷ ಹಿಂದೆಯೇ ಇದೆ. ಶೆಡ್ಡಿಗೆ ಬಂದು ಹಿಂದಿನ ಎಡಚಕ್ರವನ್ನು ಬಿಚ್ಚಿ ಮುಂದಕ್ಕೆ ಹಾಕಿದ, ಮುಂದಿನದನ್ನು ಹಿಂದಕ್ಕೆ ಹಾಕಿದ. ಮತ್ತೆ ರಸ್ತೆಗೆ ಹೋದಾಗ ಸೀಟು ಶಾಂತವಾಗಿತ್ತು, ಸ್ಟೀರಿಂಗು ಅಣ್ಣನ ಕೈಯಲ್ಲಿ ಕುಣಿಯುತ್ತಿತ್ತು. ಅದುರು ಚಕ್ರದ ಜೊತೆಗೇ ಮುಂದಕ್ಕೆ ಬಂದಿತ್ತು.

ಜಾಕಿಯ ಮೇಲೆ ಎತ್ತಿ ಆ ಚಕ್ರವನ್ನು ತಿರುಗಿಸಿ ಬಿಟ್ಟ. ಎಷ್ಟು ಸಲ ತಿರುಗಿಸಿದರೂ ಟೈರಿನ ಒಂದೇ ಜಾಗ ಕೆಳಕ್ಕೆ ಬಂದು ನಿಲ್ಲುತ್ತಿತ್ತು. ಟೈರು ಕಳಚಿ ಒಳಗೆ ಕೈಯಾಡಿಸಿದಾಗ ಅಲ್ಲಿ ಉದ್ದನೆಯ ಸೀಳು, ಅದರ ಮೇಲೆ ಹಿಂದೆ ಯಾರೋ ಕೂರಿಸಿದ್ದ ದಪ್ಪ ತೇಪೆ. ಆ ತೇಪೆಯ ಭಾರವೇ ಚಕ್ರವನ್ನು ಎಗರಿಸುತ್ತಿತ್ತು. ಸೀಳು ತೇಪೆಯ ಅಂಚು ದಾಟಿ ಬೆಳೆಯುತ್ತಲೂ ಇತ್ತು.

"ಎದುರು ಕಡೆ ತೂಕಕ್ಕೆ ಒಂಚೂರು ಸೀಸ ಕಟ್ಟಿದ್ರೆ ಅದುರು ನಿಲ್ಲುತ್ತೆ," ಎಂದ ತಮ್ಮ. "ಕಟ್ಟಲ್ಲ. ನಿಂತ್ರೆ ನೀನು ಸೀಳು ಮರೆತು ಓಡಿಸ್ತೀಯ. ಅದುರ್ತಾನೇ ಇರಲಿ."

ಹೊಸ ಟೈರೆಲ್ಲ ಮಿಲಿಟರಿಗೆ ಹೋಗುತ್ತಿದ್ದ ದಿನಗಳು. ಕೋಲಾರದಲ್ಲಿ, ಬೆಂಗಳೂರಿನಲ್ಲಿ ವಿಚಾರಿಸಿದರು, ಎಲ್ಲಿಯೂ ಸಿಗಲಿಲ್ಲ. ಕಾರಿಗೆ ಬದಲಿ ಚಕ್ರವೂ ಇರಲಿಲ್ಲ. ಆ ಚಕ್ರವನ್ನು ಮತ್ತೆ ಹಿಂದಕ್ಕೇ ಹಾಕಿ ಚಿಕ್ಕವೆಂಕಟಪ್ಪ ಅಣ್ಣನಿಂದ ಮಾತು ತೆಗೆದುಕೊಂಡ: ಏನೇ ಆದರೂ ಮೂವತ್ತು ಮೈಲಿಗಿಂತ ಜೋರಾಗಿ ಓಡಿಸಬಾರದು. ದೊಡ್ಡವೆಂಕಟಪ್ಪ ಮಾತು ಉಳಿಸಿಕೊಂಡ. ಎತ್ತಿನ ಗಾಡಿಯೇ ವಾಸಿ ಎಂದು ಬಾಡಿಗೆಯವರು ಗೊಣಗಿದರೂ ಕೇಳಿಸಿಕೊಳ್ಳಲಿಲ್ಲ.

ಆ ವರ್ಷ ಕಾರ್ತಿಕದಲ್ಲಿ ಅಕ್ಕಯಮ್ಮನಿಗೆ ಹೆರಿಗೆ ನೋವು ಬಂತು. ಬೆಳಗಿನಿಂದ ಜೊತೆಗಿದ್ದ ಸೂಲಗಿತ್ತಿ ಆಂಜಿನಮ್ಮ ಮಧ್ಯಾಹ್ನ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಕೈಲಿ ಆಗಲ್ಲಪ್ಪ. ಮಗು ಅಡ್ಡ ತಿರುಗೈತೆ. ರಕ್ತಾನೂ ನಿಲ್ತಾ ಇಲ್ಲ. ಕೋಲಾರದ ಆಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡ್ಬೇಡಿ."

ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಕಿ ಮಲಗಿಸಿದರು. ತಲೆ ಗಂಡನ ತೊಡೆಯ ಮೇಲಿತ್ತು. ಕಾಲ ಬಳಿ ಆಂಜಿನಮ್ಮ ಮುದುಡಿ ಕುಳಿತಳು. ಮನೆಯಲ್ಲಿ ಉಳಿದ ದೊಡ್ಡವೆಂಕಟಪ್ಪನ ಹೆಂಡತಿ ಶಾಮಲಮ್ಮ ಕಾರಿನ ಹಿಂದೆ ಓಣಿಯ ತುದಿಯವರೆಗೂ ಓಡಿಬಂದಳು.

ಮದ್ರಾಸ್ ರಸ್ತೆ ಖಾಲಿಯಿತ್ತು. ದೊಡ್ಡವೆಂಕಟಪ್ಪ ಅಂದು ಮುಳ್ಳನ್ನು ನೋಡಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಸೀಟಿನ ಕೆಳಗಿನಿಂದ ನಡುಕ ಎದ್ದಿತು. ಚಿಕ್ಕವೆಂಕಟಪ್ಪನ ಬೆನ್ನಿಗೆ ಅದು ಗೊತ್ತಾಯಿತು. ಆ ಚಕ್ರ ಅವನು ಕುಳಿತ ಕಡೆಯೇ, ಹೆಂಡತಿಯ ತಲೆಯಿಂದ ಮೊಳ ದೂರದಲ್ಲಿತ್ತು. ಸೀಳಿನ ಉದ್ದ, ಅಂಚಿನಲ್ಲಿ ಕಿತ್ತ ನೂಲು, ಎಲ್ಲವೂ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು.

"ಏನ್ಲಾ ಮಾಡ್ಲಿ?" ಅಣ್ಣ ತಿರುಗದೆಯೇ ಕೇಳಿದ. "ನೀನು ಹೂಂ ಅಂದ್ರೆ ಹಿಂಗೇ ಬಿಡ್ತೀನಿ. ನೀನೇ ಹೇಳು."

ಈ ವೇಗದಲ್ಲಿ ಟೈರು ಒಡೆದರೆ ಕಾರು ಮಗುಚುತ್ತದೆ. ಮಗುಚಿದರೆ ಯಾರೂ ಉಳಿಯುವುದಿಲ್ಲ. ಮಗುಚದೆ ನಿಂತರೂ, ಜನವಿಲ್ಲದ ರಸ್ತೆಯಲ್ಲಿ ಇನ್ನೊಂದು ಗಾಡಿ ಬರುವವರೆಗೆ ಕಾಯುವಷ್ಟು ಹೊತ್ತು ಅವಳಲ್ಲಿ ಉಳಿದಿಲ್ಲ.

"ನಿಧಾನ ಅಣ್ಣಾ," ಎಂದ. "ಮೂವತ್ತಕ್ಕೆ ಇಳಿಸು."

ನಡುಕ ನಿಂತಿತು. ಅಕ್ಕಯಮ್ಮ ಕಣ್ಣು ತೆರೆದಳು. ವೇಗ ಇಳಿದದ್ದು ಅವಳಿಗೂ ತಿಳಿದಿತ್ತು.

"ಇನ್ನೂ ಬೇಗ ಹೋಗಕ್ಕಾಗಲ್ವಾ?"

"ಆಗಲ್ಲ ಕಣೇ. ಬಂದ್ಬಿಟ್ವಿ, ತಡ್ಕೋ."

ಅವಳು ಅವನ ಕೈ ಹಿಡಿದುಕೊಂಡಳು.

ಕೋಲಾರದ ಆಸ್ಪತ್ರೆಯಲ್ಲಿ ಮಗುವನ್ನು ಉಳಿಸಿದರು, ಹೆಣ್ಣು ಮಗು. ದೀಪ ಹಚ್ಚುವ ಹೊತ್ತಿಗೆ ಅಕ್ಕಯಮ್ಮ ಹೋದಳು. ವರಾಂಡದಲ್ಲಿ ಚಿಕ್ಕವೆಂಕಟಪ್ಪ ಡಾಕ್ಟರಮ್ಮನನ್ನು ಕೇಳಿದ: "ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ?"

ಆಕೆ ಅವನ ಮುಖ ನೋಡಿದಳು. "ಹೇಳೋಕೆ ಬರಲ್ಲಪ್ಪ. ರಕ್ತ ತುಂಬ ಹೋಗಿತ್ತು. ನೀವು ಹೊರಟಾಗಲೇ ಹೋಗಿತ್ತು."

ಕಾರ್ಯಗಳೆಲ್ಲ ಮುಗಿದ ಮಾರನೆಯ ದಿನ ಅವನು ಶೆಡ್ಡಿಗೆ ಹೋಗಿ ಆ ಚಕ್ರ ಬಿಚ್ಚತೊಡಗಿದ. "ಬೇಡ ಬಿಡೋ," ಎಂದು ದೊಡ್ಡವೆಂಕಟಪ್ಪ ಭುಜ ಹಿಡಿದ. ಕೇಳಲಿಲ್ಲ. ಟೈರನ್ನು ಬೆಳಕಿಗೆ ಹಿಡಿದಾಗ ಸೀಳು ಗೇಣುದ್ದ ಆಗಿತ್ತು. ತೇಪೆಯ ಪಕ್ಕದಲ್ಲಿ ಒಂದು ಪದರ ನೂಲು ಮಾತ್ರ ಹಿಡಿದುಕೊಂಡಿತ್ತು.

ಅಣ್ಣನಿಗೆ ಅದನ್ನು ನೋಡಿ ಜೀವ ಬಂದಂತಾಯಿತು. "ನೋಡೋ, ಕಣ್ಣಾರೆ ನೋಡು. ಅವತ್ತು ಜೋರಾಗಿ ಬಿಟ್ಟಿದ್ರೆ ಎಲ್ಲಾರೂ ಹೋಗ್ಬಿಡ್ತಿದ್ವಿ. ಮಗೂನೂ ಸಿಕ್ತಿರಲಿಲ್ಲ. ನೀನು ಹೇಳಿದ್ದೇ ಸರಿ."

ಚಿಕ್ಕವೆಂಕಟಪ್ಪ ಆ ನೂಲಿನ ಮೇಲೆ ಬೆರಳಾಡಿಸಿದ. "ಒಡೀತಿತ್ತು ಅಂತ ಹೇಳಕ್ಕಾಗಲ್ಲ ಅಣ್ಣಾ," ಎಂದ. "ಇಂಥ ಟೈರು ಐದು ಮೈಲೀಲಿ ಹೋಗಿದ್ದೂ ನೋಡಿದೀನಿ, ಬೆಂಗಳೂರು ಮುಟ್ಟಿದ್ದೂ ನೋಡಿದೀನಿ. ನಂಗೆ ಗೊತ್ತಿಲ್ಲ."

ಯಾರೂ ಅವನನ್ನು ದೂರಲಿಲ್ಲ. ಹೋಳೂರಿನಿಂದ ಬಂದ ಅತ್ತೆ ಮಾವ ಕೂಡ ಅವನನ್ನೇ ಸಮಾಧಾನ ಮಾಡಿ ಹೋದರು. ಒಬ್ಬರಾದರೂ ಬೈದಿದ್ದರೆ ಅಳುತ್ತಿದ್ದನೋ ಏನೋ. ಕೆಲಸ ಬಿಡಲಿಲ್ಲ, ಕುಡಿತಕ್ಕೆ ಬೀಳಲಿಲ್ಲ. ಸಂಜೆ ತೊಳೆಯುವ ಕಲ್ಲಿನ ಹತ್ತಿರ ಬಂದು ನಿಲ್ಲುತ್ತಿದ್ದ. ಕೈಯ ಗ್ರೀಸು ಹಾಗೇ ಇರುತ್ತಿತ್ತು. ಶಾಮಲಮ್ಮ ಊಟಕ್ಕೆ ಕರೆದಾಗ ಆ ಕೈಯಲ್ಲೇ ಕೂರಲು ಬಂದು, ಅವಳು ಚೊಂಬಿನಲ್ಲಿ ನೀರು ತಂದಿಟ್ಟರೆ ನಾಚಿ ಎದ್ದುಹೋಗುತ್ತಿದ್ದ.

ಯುದ್ಧ ಮುಗಿದ ಮೇಲೆ ಟೈರುಗಳು ಬಂದವು. ಹೊಸ ಜೋಡಿ ಹಾಕಿಸಿದ ದಿನ ಅಣ್ಣ ಒತ್ತಾಯ ಮಾಡಿ ತಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡ. ಮುಳ್ಳು ನಲವತ್ತು ದಾಟಿ ಐವತ್ತಕ್ಕೆ ಬಂತು. ಕಾರಿನಲ್ಲಿ ಒಂದು ಚೂರೂ ನಡುಕವಿರಲಿಲ್ಲ, ಕಿಟಕಿಯ ಗಾಳಿಯಷ್ಟೇ. ಚಿಕ್ಕವೆಂಕಟಪ್ಪ ಸೀಟಿನ ಅಂಚು ಹಿಡಿದು, "ನಿಲ್ಸು," ಎಂದ. ಇಳಿದು ಹುಣಸೆಮರವೊಂದರ ಬುಡದಲ್ಲಿ ಕುಳಿತು, ಮೊದಲ ಬಾರಿಗೆ ದನಿಯೆತ್ತಿ ಅತ್ತ. ದೊಡ್ಡವೆಂಕಟಪ್ಪ ಕಾರಿಗೆ ಒರಗಿಕೊಂಡು ಕಾದ.

ಮುಂದಿನ ವರ್ಷ ತಮ್ಮ ಕೋಲಾರದ ಬಸ್ ಶೆಡ್ಡೊಂದಕ್ಕೆ ಕೆಲಸಕ್ಕೆ ಸೇರಿದ. ಮಗಳು ಆದಿಲಕ್ಷ್ಮಿಯನ್ನು ಹಸುಗೂಸಿನಿಂದ ಸಾಕಿದವಳು ಶಾಮಲಮ್ಮ. ಶನಿವಾರ ಅವನು ಮುಳಬಾಗಿಲಿಗೆ ಬಂದರೆ ಮಗು ಅವಳ ಮಕ್ಕಳ ಜೊತೆಗೇ ಓಡಿಬಂದು, ಅವರು ಕೂಗಿದಂತೆಯೇ "ಚಿಕ್ಕಪ್ಪಾ" ಎಂದು ಕೂಗುತ್ತಿತ್ತು.

ಒಂದು ಶನಿವಾರ ಶಾಮಲಮ್ಮನಿಗೆ ತಡೆಯಲಾಗಲಿಲ್ಲ. "ಅಪ್ಪ ಕಣೇ, ನಿಮ್ಮಪ್ಪ. ಅಪ್ಪಾ ಅನ್ನು," ಎಂದು ಮಗುವಿನ ಗಲ್ಲ ಹಿಡಿದು ಹೇಳಿದಳು. ಮಗು ತಬ್ಬಿಬ್ಬಾಗಿ ಒಮ್ಮೆ ಅವಳನ್ನೂ ಒಮ್ಮೆ ಅವನನ್ನೂ ನೋಡಿತು.

"ಇರಲಿ ಬಿಡಿ ಅತ್ತಿಗೆ," ಎಂದ ಚಿಕ್ಕವೆಂಕಟಪ್ಪ. "ಅವಳು ಹೆಂಗೆ ಕರೆದ್ರೂ ಓ ಅಂತೀನಿ."

ತಂದಿದ್ದ ಕಡಲೆಮಿಠಾಯಿಯ ಪೊಟ್ಟಣವನ್ನು ಮಗುವಿನ ಕೈಗೆ ಕೊಟ್ಟು, ಕೈ ತೊಳೆಯಲು ಹಿತ್ತಿಲಿಗೆ ಹೋದ.